ತೂಕಕ್ಕೆ ಕೊಂಡದ್ದು

ಬೆಟಗೇರಿಯ ಸರಾಫ ಸಾಲಿನ ಕೊನೆಗೆ
ಸರ್ಜೇರಾವನ ಗಲಾಯಿ ಅಂಗಡಿ. ವಿಟಾ ಕಡೆಯವನು.
ಮೂಸೆಗೆ ಹಾಕುವ ಮುನ್ನ ನನಗೊಂದು ಕೂಗು:
"ಸಾಹೇಬರ, ನೋಡ್ತೀರೇನು?"
ಗೂಡ್ಸ್ ಆಫೀಸು ಬಿಟ್ಟ ಮೇಲೆ
ಶನಿವಾರ ಇಲ್ಲಿಯೇ ನನ್ನ ಹಾಜರಿ.
ಹರಿದ ಗೆಜ್ಜೆ, ಒಂಟಿ ಕಡಗ, ತೊಟ್ಟಿಲ ಸರಪಳಿಯ ತುಂಡು,
ರಾಣಿಯ ಮೂಗು ಸವೆದ ರೂಪಾಯಿ.
ಬೆಂಕಿಗೂ ಅವಕ್ಕೂ ನಡುವೆ ಕೂತು
ಹೆಕ್ಕುತ್ತೇನೆ.

ಅಂದು ಬಂದವಳು ರೂತವ್ವ ಮುಳಗುಂದ.
ಸೆರಗಿನ ಗಂಟು ಬಿಚ್ಚಿ
ಕಪ್ಪಿಟ್ಟ ಬಿಲ್ಲೆಯೊಂದನ್ನು ತಕ್ಕಡಿಗಿಟ್ಟಳು.
"ನಮ್ಮಾಯಿದು. ಜರ್ಮನ್ ದವಾಖಾನ್ಯಾಗ ಆಯಾ ಇದ್ಲು.
ಲಡಾಯಿ ಸುರು ಆದಾಗ ಊರು ಬಿಟ್ಟ ಸಿಸ್ಟರು
ಕೊಳ್ಳಾಗ ಹಾಕಿ ಹೋದ್ರಂತ.
ಮೊಮ್ಮಗಳ ನರ್ಸಿಂಗ್ ಫೀ ಕಮ್ಮಿ ಬಿದ್ದೈತಿ."

ಇಪ್ಪತ್ತೆಂಟು ಗ್ರಾಂ, ಚಿಲ್ಲರೆ.
ಮಸೂರ ಕಣ್ಣಿಗೊತ್ತಿದೆ.

ಊರು.
ನದಿ, ನದಿಗೊಂದು ಗೋಡೆ, ಗೋಡೆಯೊಳಗೆ
ತೆನೆಯಲ್ಲಿ ಕಾಳು ಕೂತ ಹಾಗೆ ಮನೆ ಮನೆ ಮನೆ,
ಉಳ್ಳಾಗಡ್ಡಿ ತಲೆಯ ಜೋಡಿ ಗೋಪುರ.
ಮೇಲೆ ಮೋಡದಲ್ಲಿ ರೆಕ್ಕೆಯ ಕೂಸುಗಳೆರಡು
ಎತ್ತಿ ಹಿಡಿದದ್ದು ಪೈನ್ ಮರದ ಕಾಯಿ:
ಆಗ್ಸ್‌ಬರ್ಗ್ ಪಟ್ಟಣದ ಗುರುತು ಅದು.
ಸಾವಿರದ ಆರುನೂರ ಇಪ್ಪತ್ತು ಮತ್ತೆಷ್ಟೋ;
ಕೊನೆಯ ಅಂಕಿಯ ಮೇಲೆಯೇ ನಮ್ಮೂರ ಯಾವನೋ ಪತ್ತಾರ
ತೂತು ಕೊರೆದು ತಾಮ್ರದ ಕೊಂಡಿ ಬೆಸೆದಿದ್ದ.

ನನ್ನ ಎದೆ ಹೊಡೆದುಕೊಂಡದ್ದು
ತಕ್ಕಡಿಗೆ ಗೊತ್ತಾಗಲಿಲ್ಲ.
ಮೂವತ್ತು ವರ್ಷ ಪುಸ್ತಕದಲ್ಲಷ್ಟೇ ಕಂಡದ್ದು,
ಕಪ್ಪು ಬಿಳುಪಿನಲ್ಲಿ, ಹೆಬ್ಬೆರಳುಗುರಿನಷ್ಟು.
ಪೇಟೆಯಲ್ಲಿ ಚಲಾವಣೆ ಇರದ ಬೆಳ್ಳಿ.
ಊರ ಹಿರಿಯರು ಅಚ್ಚು ಹಾಕಿಸಿದ್ದು,
ಬಂದ ಅತಿಥಿಗೆ, ಮುಗಿದ ಜಗಳಕ್ಕೆ,
ಬರೀ "ಇದ್ದೇವೆ ನಾವು" ಅನ್ನುವುದಕ್ಕೆ.

ಹೇಳಬೇಕಿತ್ತು.
ಹೇಳಲೆಂದು ಬಾಯಿ ತೆರೆದೆ ಕೂಡ. ಬಂದ ಮಾತು:
"ತೂತು ಬಿದ್ದೈತಲ್ಲವ್ವಾ."
ಸರ್ಜೇರಾವ ಅಂದಿನ ದರ ಹೇಳಿದ,
ತಾಮ್ರದ ಲೆಕ್ಕ ಮುರಿದುಕೊಂಡ.
ಅದರ ಮೇಲೆ ನಾನೊಂದು ನೂರರ ನೋಟು ಇಟ್ಟೆ.
ಪೂರ್ತಿ ಮೋಸವಾದರೂ ಮರೆಯುತ್ತಿತ್ತೇನೋ,
ಆ ನೂರು ರೂಪಾಯಿ ಮರೆಯುವುದಿಲ್ಲ.

ಮನೆಯಲ್ಲಿ, ಮಖಮಲ್ಲಿನ ಹಲಗೆಯ ಮೇಲೆ
ಕಂತಿನಲ್ಲಿ ತರಿಸಿದ ನ್ಯೂರೆಂಬರ್ಗ್, ಹ್ಯಾಂಬರ್ಗ್,
ಯಾರ ಮೈಯೂ ಮುಟ್ಟದವು; ಒಂದೊಂದು ಕಿಟಕಿಯೂ ಚೂಪು.
ಇದು ಮಾತ್ರ ಮೂರು ಹೆಂಗಸರ ಎದೆಗೆ ಉಜ್ಜಿ ಉಜ್ಜಿ
ಗೋಪುರದ ತುದಿ ಕಳೆದುಕೊಂಡಿದೆ.
ಉಬ್ಬಿ ನಿಂತದ್ದೆಲ್ಲ ಸವೆದು,
ತಗ್ಗಿನಲ್ಲಿದ್ದ ನದಿ ಉಳಿದಿದೆ.
ವಹಿಯಲ್ಲಿ ಬರೆದೆ: ಸವೆತ, ತೂತು, ಬೆಸುಗೆ.
ಎಲ್ಲಿಂದ ಬಂತು ಎಂಬ ಖಾನೆ ಹಾಗೇ ಇದೆ;
ವ್ಯಾಗನ್ನಿನ ರಸೀದಿಯಲ್ಲಿ ಒಂದು ಖಾನೆಯನ್ನೂ
ಖಾಲಿ ಬಿಡದಿದ್ದವನು ನಾನು.

ಎರಡು ತಿಂಗಳು ಬಿಟ್ಟು ಹೋದೆ,
ಒಂದು ಕಿಸೆಯಲ್ಲಿ ಅದು, ಇನ್ನೊಂದರಲ್ಲಿ ದುಡ್ಡು,
ಯಾವುದು ಕೊಡುವುದೆಂದು ಓಣಿ ಮುಗಿದರೂ ಬಗೆಹರಿಯದೆ.
ಪಕ್ಕದ ಮನೆಯಲ್ಲಿ ಮಗ್ಗ ಕುಟ್ಟುತ್ತಿತ್ತು.
ರೂತವ್ವ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು.

ನಾನು ಕೇಳದೆಯೇ ಹೇಳಿದಳು:
"ಅದರಾಗಿನ ಊರು ಬೆಟಗೇರಿನ ಅಂತಿದ್ಲು ನಮ್ಮಾಯಿ.
ಇಕಾ ದವಾಖಾನಿ, ಇಕಾ ಚರ್ಚು,
ಈ ಗ್ವಾಡಿ ಹಿಂದ ನಮ್ಮನಿ ಅಂತ ಬೆರಳಿಟ್ಟು ತೋರಸಾಕಿ.
ಮ್ಯಾಲಿಂದು ಸೀತಾಫಲ.
ಜ್ವರ ಬಂದ್ರ ಹಣಿಮ್ಯಾಲೆ ಇಡಾಕಿ, ತಣ್ಣಗ ಇರತಿತ್ತು."

ತೊಟ್ಟು ಮುರಿಯುತ್ತಲೇ:
"ಕರಗಿಸಿದ್ರೇನ್ರಿ ಅದನ್ನ?"

ನನ್ನ ಕೈ ಕಿಸೆಯೊಳಗೇ ಇತ್ತು.
ಬೆರಳ ತುದಿಗೆ ನದಿಯ ತಗ್ಗು ಸಿಗುತ್ತಿತ್ತು.
"ಹೂಂ" ಅಂದೆ.

"ಛಲೋ ಆತು ಬಿಡ್ರಿ.
ಯಾರಿಗರೆ ಕಾಲುಂಗುರ ಆಗಿರತೈತಿ ಇಷ್ಟೊತ್ತಿಗೆ."
ಒಳಗೆ ಹೋಗಿ ಚಹಾ ತಂದಳು. ಕುಡಿದೆ.
ದುಡ್ಡಿನ ಮಾತು ತೆಗೆಯಲು
ಈಗ ಯಾವ ನೆಪವೂ ಉಳಿದಿರಲಿಲ್ಲ.

ಮೊನ್ನೆ ನನಗೆ ಜ್ವರ.
ನಡುರಾತ್ರಿ ಎದ್ದು ಹಲಗೆಯಿಂದ ತೆಗೆದು
ಹಣೆಯ ಮೇಲಿಟ್ಟುಕೊಂಡೆ.
ಒಂದು ಗಳಿಗೆ ತಣ್ಣಗಿತ್ತು,
ಆಮೇಲೆ ನನ್ನಷ್ಟೇ ಬಿಸಿ.
ಬೆಳ್ಳಿಯ ಗುಣ ಅದು.
ಸರ್ಜೇರಾವನನ್ನು ಕೇಳಿದರೂ ಅಷ್ಟೇ ಹೇಳುತ್ತಾನೆ.